ಸ್ಟೇಜ್ ಹತ್ತದವರ ಫೋಟೋ

"ಉಳಿದವರದ್ದು ಹೇಗಾದರೂ ಬರಲಿ, ನನ್ನ ಮಾರ್ಕೆಟಿನವರದ್ದು ಒಂದು ಫೋಟೋ ಬೇಕು ತೃಪ್ತಿ. ಮುಖ ಕಾಣಬೇಕು," ಎಂದರು ವಾರಿಜಕ್ಕ, ಮದುಮಗಳ ತಾಯಿ.

ಕಟಪಾಡಿಯ ತೃಪ್ತಿ ಕ್ಯಾಮೆರಾ ಹೆಗಲಿಗೇರಿಸುತ್ತ, "ಅದೆಂತ ದೊಡ್ಡ ಕೆಲಸ ಅಕ್ಕ? ತೆಗೆದಾಯಿತು ಅಂತಲೇ ಇಟ್ಟುಕೊಳ್ಳಿ," ಎಂದುಬಿಟ್ಟಳು.

"ನಿನ್ನೆಯೂ ಹೀಗೇ ಹೇಳಿದ್ದೆ."

ಅದೂ ನಿಜವೇ. ಕಾಪುವಿನ ಮಾರ್ಕೆಟಿನಲ್ಲಿ ವಾರಿಜಕ್ಕನ ಅಕ್ಕಪಕ್ಕ ಮೀನಿನ ಬುಟ್ಟಿ ಇಟ್ಟು ಕೂರುವ ಐದು ಹೆಂಗಸರು ಅವರು. ಮಗಳು ಮೋಕ್ಷಾ ಕೈಕೂಸಾಗಿದ್ದಾಗ ಮಲಗಿದ್ದೆಲ್ಲ ಅವರ ಕೊಡೆಗಳ ನೆರಳಿನಲ್ಲಿ. ಆದರೆ ಮನೆಯ ಯಾವ ಆಲ್ಬಮ್ ತೆರೆದರೂ ಅವರಿಲ್ಲ. ಸಮಾರಂಭಕ್ಕೆ ತಪ್ಪದೆ ಬರುತ್ತಾರೆ, ಉಣ್ಣುತ್ತಾರೆ, ವಾರಿಜಕ್ಕನ ಕೈಗೊಂದು ಕವರ್ ತುರುಕಿ ಹೋಗುತ್ತಾರೆ. ಸ್ಟೇಜ್ ಎಂದರೆ ಮಾತ್ರ ಬೇಡವೇ ಬೇಡ. ನಿನ್ನೆಯ ಮದುವೆಯಲ್ಲಿ ತೃಪ್ತಿಗೆ ಸಿಕ್ಕಿದ್ದು ಐದು ತುರುಬು ಮತ್ತು ಅವುಗಳ ಮೇಲಿನ ಮಲ್ಲಿಗೆ. ಇವತ್ತು ಕಾರ್ಕಳದಲ್ಲಿ ಗಂಡಿನ ಕಡೆಯ ರಿಸೆಪ್ಷನ್. ಇಲ್ಲಿ ತಪ್ಪಿದರೆ ಮೋಕ್ಷಾಳ ಮದುವೆಯ ಆಲ್ಬಮ್ಮಿನಲ್ಲೂ ಅವರಿಲ್ಲ.

ಆದರೂ ತೃಪ್ತಿಗೆ ತನ್ನ ವಿದ್ಯೆಯ ಮೇಲೆ ನಂಬಿಕೆ. ಸ್ಟೇಜಿನ ಮೇಲಿನ ಸಾಲು ನೋಡಿಕೊಳ್ಳಲು ಜೊತೆಯ ಫೋಟೋಗ್ರಾಫರ್ ಇವಾನ್ ಇದ್ದ. "ಇಲ್ಲಿ ನೋಡಿ, ಸ್ವಲ್ಪ ಸ್ಮೈಲ್" ಎಂಬುದು ಅವನ ಮಂತ್ರ. ತೃಪ್ತಿ ಆ ಮಾತನ್ನೇ ಆಡುವವಳಲ್ಲ. ನಗಿ ಎಂದರೆ ಜನ ಹಲ್ಲು ತೋರಿಸುತ್ತಾರೆ, ಅದರ ಬದಲು ಅವರ ಕೈಗೆ ಏನಾದರೂ ಕೆಲಸ ಕೊಡಬೇಕು ಎಂಬುದು ಅವಳ ಲೆಕ್ಕ. ದುಬೈಯಿಂದ ಬಂದ ಕೋಟುಧಾರಿ ಮಾವಂದಿರ ಹತ್ತಿರ ಹೋಗಿ, "ನಿಮ್ಮಲ್ಲಿ ಯಾರ ಟೈ ಸರಿ ಉಂಟು?" ಎಂದು ಕೇಳಿದಳು. ಒಬ್ಬರ ಕುತ್ತಿಗೆಗೆ ಇನ್ನೊಬ್ಬರು ಕೈ ಹಾಕಿದ್ದೇ ಅವಳಿಗೆ ಫೋಟೋ ಸಿಕ್ಕಿತು. ಹಿರಿಯಡ್ಕದ ಅಜ್ಜನೊಬ್ಬರಿಗೆ, "ಊಟ ಹೇಗಿತ್ತೆಂದು ಅಜ್ಜಿಯ ಕಿವಿಯಲ್ಲಿ ಮಾತ್ರ ಹೇಳಿ" ಎಂದಳು. ಅಜ್ಜ ಏನು ಹೇಳಿದರೋ, ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕದ್ದು ನಿಲ್ಲಲೇ ಇಲ್ಲ. ಊಟದ ಮೇಜಿನ ಕೆಳಗೆ ಐಸ್‌ಕ್ರೀಮ್ ಹಿಡಿದು ಅಡಗಿದ್ದ ಮಕ್ಕಳಿಗಾಗಿ ನೆಲದ ಮೇಲೆ ಉದ್ದಕ್ಕೆ ಮಲಗಿಯೂ ಆಯಿತು.

ಮಾರ್ಕೆಟಿನವರು ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತಿದ್ದರು. ತೃಪ್ತಿ ಕಂಬದ ಮರೆಯಿಂದ ಲೆನ್ಸ್ ತಿರುಗಿಸಿದಳಷ್ಟೆ.

"ಯಾರದು ಕಂಬದ ಹಿಂದೆ?" ಎಂದರು ಅವರೊಳಗೆ ಹಿರಿಯರಾದ ಚಂಪಕ್ಕ. "ಈಚೆ ಬಾ ಮಗಾ. ಊಟ ಆಯಿತಾ?"

ಐದೂ ಸೆರಗುಗಳು ಮುಖಕ್ಕೇರಿದವು. ಸರಿ, ನೇರವಾಗಿಯೇ ಕೇಳುವ ಎಂದು ತೃಪ್ತಿ ಹತ್ತಿರ ಬಂದು ಅವರನ್ನು ಸಾಲಾಗಿ ನಿಲ್ಲಿಸಿದಳು. ನಿಂತರು, ಇಲ್ಲವೆನ್ನಲಿಲ್ಲ. ಕೈಗಳು ತೊಡೆಗಂಟಿ, ತುಟಿಗಳು ಹೊಲಿದಂತೆ ಮುಚ್ಚಿ.

"ಚಂಪಕ್ಕ, ಆಧಾರ್ ಕಾರ್ಡಿನಲ್ಲಾದರೂ ಇದಕ್ಕಿಂತ ಚೆಂದ ಬಂದಿರಬಹುದು ನೀವು."

"ಬಾಯಿ ಮುಚ್ಚಿ ನಿಂತು ನಮಗೆ ಅಭ್ಯಾಸ ಉಂಟಾ ಮಾರಾಯ್ತಿ?"

ಉಳಿದವರು ಕಿಸಕ್ಕನೆ ನಕ್ಕರು, ಕ್ಯಾಮೆರಾ ಎತ್ತುವಷ್ಟರಲ್ಲಿ ಮತ್ತೆ ತುಟಿ ಮುಚ್ಚಿದರು. ತೃಪ್ತಿ ಕ್ಯಾಮೆರಾ ಕೆಳಗಿಳಿಸಿದಳು. ಇವರನ್ನು ನಿಲ್ಲಿಸಿ ಪ್ರಯೋಜನವಿಲ್ಲ, ಬಾಯಿ ತೆರೆಸಬೇಕು!

ಅಷ್ಟರಲ್ಲಿ ಅವರನ್ನು ಕರೆತಂದ ಟೆಂಪೋದ ಯೋಗೀಶ್ ಬಾಗಿಲಲ್ಲಿ ಕೀ ಅಲ್ಲಾಡಿಸಿದ. "ಹೊರಡುವ ಅಲ್ವಾ? ಬೆಳಗಾಗುವ ಮೊದಲು ಮಲ್ಪೆ ಬಂದರಿನ ಧಕ್ಕೆಯಲ್ಲಿ ಮೀನು ಕೊಳ್ಳುವುದು ನೀವಾ, ನಾನಾ?"

ಐವರೂ ಬ್ಯಾಗು ಎತ್ತಿಕೊಂಡರು. ಸ್ಟೇಜಿನ ಮೇಲೆ ಬೀಗರ ನಡುವೆ ನಿಂತಿದ್ದ ವಾರಿಜಕ್ಕನ ಮುಖ ಸಪ್ಪೆಯಾದದ್ದು ಅಷ್ಟು ದೂರಕ್ಕೂ ಕಂಡಿತು.

"ಹೇಳದೆ ಹೋಗುವುದಾ ಚಂಪಕ್ಕ?" ಎಂದಳು ತೃಪ್ತಿ. "ವಾರಿಜಕ್ಕನನ್ನು ಕರೆಯಿರಿ."

"ಆ ಸ್ಟೇಜ್ ಯಾರು ಹತ್ತುವುದು?"

"ಹತ್ತುವುದು ಯಾಕೆ? ಇಲ್ಲಿಂದಲೇ ಕರೆಯಿರಿ."

"ಈ ಪದ್ಯ ಹಾಡುವವರ ಗಲಾಟೆಯೊಳಗಾ?"

"ಮಾರ್ಕೆಟಿನಲ್ಲಿ ನೀವು ಕರೆದರೆ ಹೈವೇಯ ಆಚೆಗೂ ಕೇಳುತ್ತದೆ ಅಂತ ಹೇಳ್ತಾರೆ. ಸುಮ್ಮನೆ ಹೇಳುವುದಾ ಅದು?"

"ಸುಮ್ಮನೆ ಅಂತ ಯಾರು ಹೇಳಿದ್ದು?" ಚಂಪಕ್ಕ ಬ್ಯಾಗನ್ನು ಪಕ್ಕದವಳ ಕೈಗೆ ಕೊಟ್ಟರು. ತೃಪ್ತಿ ನಾಲ್ಕು ಹೆಜ್ಜೆ ಹಿಂದೆ ಸರಿದು, ಸ್ಟೇಜಿಗೆ ಬೆನ್ನು ಹಾಕಿ ನಿಂತಳು.

"ಓಯ್ ವಾರಿಜಾ!"

ಮೈಕಿನಲ್ಲಿ ಹಾಡುತ್ತಿದ್ದ ಹುಡುಗ ಅರ್ಧ ಸಾಲಿಗೇ ನಿಂತ. ಒಬ್ಬರು ಕರೆದ ಮೇಲೆ ಉಳಿದ ನಾಲ್ವರು ಸುಮ್ಮನಿರುವುದುಂಟೇ? "ಬಾ ಮಾರಾಯ್ತಿ! ಹೊರಟೆವು ನಾವು! ಮಗಳನ್ನೂ ಕರೆದುಕೊಂಡು ಬಾ!" ಇಡೀ ಹಾಲ್ ಹಿಂದಕ್ಕೆ ತಿರುಗಿತು.

"ಎಂತ ಬೊಬ್ಬೆ ಅದು? ನಾನು ಕಿವುಡಿಯಾ?" ಅದಕ್ಕಿಂತ ದೊಡ್ಡ ದನಿಯಲ್ಲಿ ಉತ್ತರ ಬಂತು. ಬಂದಾಗಿನಿಂದ ಬೀಗರೆದುರು ಮೆಲ್ಲಗೆ, ಒಂದೊಂದೇ ಶಬ್ದ ಆರಿಸಿ ಮಾತಾಡಿದ್ದ ವಾರಿಜಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀಗರನ್ನು ಬೀಗರ ಪಾಡಿಗೆ ಬಿಟ್ಟು, ಮಾರ್ಕೆಟಿನ ನಡಿಗೆಯಲ್ಲಿ ಇಳಿದು ಬಂದರು. ಹಿಂದೆ ನೆರಿಗೆ ಎತ್ತಿ ಹಿಡಿದ ಮೋಕ್ಷಾ. ಅವಳ ಕೈಗೆ ಸಿಕ್ಕಿ ಎಳೆದುಕೊಂಡು ಬಂದವನು ಮದುಮಗ ಹರ್ಷಿತ್.

ಚಂಪಕ್ಕ ಮೋಕ್ಷಾಳ ಗಲ್ಲ ಹಿಡಿದರು, ಯಾರೋ ವಾರಿಜಕ್ಕನ ಬೆನ್ನಿಗೆ ಗುದ್ದಿದರು, ಆರೂ ಜನ ಒಟ್ಟಿಗೆ ಮಾತಾಡಿದರು. ಒಂದು ಸೆರಗೂ ಮುಖಕ್ಕೆ ಹೋಗಲಿಲ್ಲ. ತೃಪ್ತಿ ಕ್ಯಾಮೆರಾದ ಗುಂಡಿ ಒತ್ತಿದ ಬೆರಳು ತೆಗೆಯಲಿಲ್ಲ.

"ತೆಗೆದೆಯಾ ಕಳ್ಳಿ?" ಎಂದರು ಚಂಪಕ್ಕ ಕೊನೆಗೆ. "ತೋರಿಸು."

ಪುಟ್ಟ ಪರದೆಯ ಮೇಲೆ ಅಷ್ಟೂ ತಲೆಗಳು ಬಾಗಿದವು. "ಅಯ್ಯೋ, ನನ್ನ ಬಾಯಿ ನೋಡು, ಅದರೊಳಗೆ ಬಸ್ಸು ಹೋಗಬಹುದು!" ಎಂದರು ಚಂಪಕ್ಕ.

ವಾರಿಜಕ್ಕ ಕ್ಯಾಮೆರಾವನ್ನೇ ಕಿತ್ತುಕೊಂಡು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು. "ಇದೇ. ಇದನ್ನು ಆಲ್ಬಮ್ಮಿನ ಮೊದಲ ಪುಟಕ್ಕೆ ಹಾಕು."

"ಮೊದಲ ಪುಟ ಮದುಮಕ್ಕಳಿಗಲ್ವಾ ಅಕ್ಕ?"

"ಮಗಳು ಮಧ್ಯದಲ್ಲೇ ಇದ್ದಾಳಲ್ಲ. ಇಗೋ ನೋಡು, ಮೂಲೆಯಲ್ಲಿ ಅಳಿಯನ ಅರ್ಧ ಮುಖವೂ ಉಂಟು. ಸಾಕು ಅವನಿಗೆ."