ಮೂರನೆಯ ಇಂಜೆಕ್ಷನ್

ತಣ್ಣಗೆ ಏನೋ ಸೊಂಟದ ಮೇಲೆ ಸುತ್ತುತ್ತಿದೆ, ಒದ್ದೆ ಹತ್ತಿ, ಔಷಧಿಯ ಘಾಟು, ಬೋರಲು ಮಲಗಿದವನಿಗೆ ಕಾಣುವುದು ನೆಲವೊಂದೇ, ಎರಡಡಿಯ ಟೈಲು, ಒಂದು ಮೂಲೆ ಕೂದಲೆಳೆಯಷ್ಟು ಎದ್ದಿದೆ, ಯಾವನು ಹಾಕಿದನೋ, ತಟ್ಟಿದರೆ ಟೊಳ್ಳು ಸದ್ದು ಬಂದೀತು — ಇಪ್ಪತ್ತೆಂಟು ವರ್ಷ ಕುಕ್ಕರುಗಾಲಲ್ಲಿ ಕೂತು ಕಂಡವರ ಮನೆಯ ನೆಲ ಮಟ್ಟ ಮಾಡಿದೆ, ಈಗ ನನ್ನ ಬೆನ್ನುಮೂಳೆಯ ಬಿಲ್ಲೆ ಜಾರಿ ನರ ಹಿಸುಕುತ್ತಿದೆ. ಅಲ್ಲಾಡಬೇಡಿ, ಸ್ವಲ್ಪ ಚುರುಕ್ ಅನ್ನುತ್ತೆ, ಇದು ಡಾಕ್ಟರು, ಚುರುಕ್ ಅಂತೆ, ಸೊಂಟದಿಂದ ಎಡಗಾಲಿನ ಕಿರುಬೆರಳ ತನಕ ಕಾದ ತಂತಿ ಎಳೆದ ಹಾಗೆ, ಮೊದಲನೆಯ ಸಲ ಹೀಗಿರಲಿಲ್ಲ. ಸ್ಟೀರಾಯ್ಡ್ ಅಂದಿದ್ದರು, ಮೂರೇ ದಿನಕ್ಕೆ ನೋವು ಮಾಯ, ಭಾರ ಎತ್ತಬೇಡಿ ಅಂದದ್ದನ್ನು ಕೇಳುವವರು ಯಾರು, ನಾಲ್ಕು ಮಹಡಿಯ ಮೆಟ್ಟಿಲಿಗೆ ಟೈಲು ಹಾಕುವ ಕೆಲಸ ಒಪ್ಪಿಕೊಂಡೆ, ಸಿಮೆಂಟಿನ ಚೀಲ ಹೆಗಲಿಗೇರಿತು, ಏನಣ್ಣ, ಹೊಸ ಬೆನ್ನು ಹಾಕಿಸ್ಕೊಂಡು ಬಂದ್ಯಾ, ಮೇಸ್ತ್ರಿ ನಕ್ಕ, ನಾನೂ ನಕ್ಕೆ, ಮೂರನೆಯ ಮಹಡಿಯಲ್ಲಿ ಬಗ್ಗಿದವನು ಮತ್ತೆ ಏಳಲಿಲ್ಲ, ಬಾಗಿಲಿಗೆಂದು ತಂದಿಟ್ಟ ಹಲಗೆಯ ಮೇಲೆ ಹೊತ್ತು ಇಳಿಸಿದರು. ಎರಡನೆಯ ಇಂಜೆಕ್ಷನ್ ಹಿಡಿದದ್ದು ಹನ್ನೊಂದೇ ದಿನ. ಡಾಕ್ಟರಿಗೆ ಮಾತ್ರ ಮುಕ್ಕಾಲು ಪಾಲು ವಾಸಿ ಅಂದೆ, ನಿಜ ಹೇಳಿದ್ದರೆ ಆಪರೇಶನ್ ಅನ್ನುತ್ತಿದ್ದರು, ಬೆನ್ನು ಕೊಯ್ಸಿಕೊಂಡವನಿಗೆ ಕೆಲಸ ಕೊಡುವವರು ಯಾರು, ಹೆಂಡತಿಗೂ ಅದನ್ನೇ ಹೇಳಿದೆ, ನಂಬಿದಳು, ಅಥವಾ ನಂಬಿದವಳ ಹಾಗೆ ಇದ್ದಳು. ಆಯ್ತು, ನಿಧಾನ ಏಳಿ, ಈ ವರ್ಷ ಇನ್ನು ಕೊಡೋ ಹಾಗಿಲ್ಲ, ಇದೂ ಹಿಡೀಲಿಲ್ಲ ಅಂದ್ರೆ ಬೇರೆ ದಾರಿ ನೋಡ್ಬೇಕು, ಕೇಳಿಸ್ತಾ — ಕೇಳಿಸಿತು, ಎಡಪಾದ ನನ್ನದಲ್ಲ, ಮರದ ತುಂಡು, ಜೋಮು ಸಂಜೆಗೆ ಇಳಿಯುತ್ತದಂತೆ, ನೋವು ಇಳಿಯುತ್ತದೋ ಯಾರೂ ಹೇಳಲಿಲ್ಲ. ಇವಳು ಒಳಗೆ ಬಂದು ನನ್ನ ಕಾಲ ಬಳಿ ಕೂತಿದ್ದಾಳೆ, ಚಪ್ಪಲಿ ತೊಡಿಸುತ್ತಿದ್ದಾಳೆ, ಬೆರಳು ಮಡಚಬೇಡಿ ರೀ, ಮಡಚಿದ್ದು ನನಗೇ ತಿಳಿಯಲಿಲ್ಲ, ಎರಡನೇದು ಹನ್ನೊಂದೇ ದಿನ ಕಣೇ ಕೆಲಸ ಮಾಡಿದ್ದು, ಅಂದುಬಿಟ್ಟೆ, ಅವಳು ತಲೆ ಎತ್ತಲಿಲ್ಲ, ಗೊತ್ತು, ಮಲಗಿದಾಗ ನೀವು ಹಲ್ಲು ಕಚ್ಚೋದು ನಂಗೆ ಕೇಳ್ಸಲ್ವಾ, ಏಳಿ, ಹೋಗೋಣ, ಅಂದಳು, ಏಳಲು ಹೊರಟವಳು ಅರ್ಧಕ್ಕೇ ನಿಂತಳು, ಉಸಿರು ಬಿಗಿಹಿಡಿದು, ಒಂದು ಕೈ ಮಂಚದ ಅಂಚಿಗೆ, ಇನ್ನೊಂದು ತನ್ನ ಸೊಂಟಕ್ಕೆ — ನೀರಿನ ಕೊಡ, ಗ್ಯಾಸ್ ಸಿಲಿಂಡರು, ಸ್ನಾನಕ್ಕೆ ನಾನು, ವರ್ಷದಿಂದ ಎಲ್ಲವನ್ನೂ ಎತ್ತುವವಳು ಅವಳೇ — ಯಾವಾಗಿಂದ, ಅಂದೆ, ಏನು ಯಾವಾಗಿಂದ, ಅಂದಳು, ಕೈ ತೆಗೆದಳು, ಒಂದು ಹೆಜ್ಜೆ ಇಟ್ಟಳು, ಮತ್ತೆ ಆ ಕೈ, ಹೆಬ್ಬೆರಳು ಒತ್ತಿ ಹಿಡಿದದ್ದು ನನಗೆ ಸೂಜಿ ಇಳಿದ ಅದೇ ಜಾಗ, ಆ ಕೈ