ಮೂವತ್ತಾರು ಮಸಿಬಟ್ಟೆ

ಮಿಂಕಾಳ ಮಾತಿನ ನಡುನಡುವೆ ಅಂಕಿಗಳು ಅನ್ನದಲ್ಲಿ ಸಿಗುವ ಕಲ್ಲಿನಂತೆ ಸಿಗುತ್ತಿದ್ದವು. “ಬಾ ಅಣ್ಣ, ಹನ್ನೊಂದು, ಕೂತ್ಕೊ, ಹನ್ನೆರಡು, ಕಾಫಿ ಇಡ್ಲಾ, ಹದಿಮೂರು” ಎನ್ನುವಳು. ಕೈಯಲ್ಲಿನ ಕ್ರೋಶಾ ಕಡ್ಡಿ ಮಾತ್ರ ಒಂದು ಗಳಿಗೆಯೂ ನಿಲ್ಲದು. ಕುಣಿಕೆ ಎಣಿಸುತ್ತಿದ್ದಾಳೆಂದು ತಿಳಿಯದವರು ತಬ್ಬಿಬ್ಬಾಗುತ್ತಿದ್ದರು. ಜನಗಣತಿಗೆ ಬಂದ ಹುಡುಗಿ ಮಕ್ಕಳೆಷ್ಟೆಂದು ಕೇಳಿದಾಗ “ಒಬ್ಬಳೇ ಮಗಳು, ಇಪ್ಪತ್ತೆರಡು” ಎಂದಳಂತೆ. ಹುಡುಗಿ ಅದನ್ನೇ ಮಗಳ ವಯಸ್ಸೆಂದು ಬರೆದುಕೊಂಡು ಹೋದಳು. ಮಗಳು ಇಸ್ಕ್ರಾಗೆ ಆಗಲೇ ಮೂವತ್ತೊಂದು ತುಂಬಿತ್ತು. ಸರ್ಕಾರದ ಕಾಗದದಲ್ಲಿ ಒಂಬತ್ತು ವರ್ಷ ಕಿರಿಯಳಾದದ್ದಕ್ಕೆ ಅವಳೇನೂ ತಕರಾರು ಮಾಡಲಿಲ್ಲ.

ದಾನ್ಯೂಬ್ ದಂಡೆಯ ನಮ್ಮ ಊರಿನಲ್ಲಿ, ಎಂಟು ಮಹಡಿಯ ಈ ಸಿಮೆಂಟು ಕಟ್ಟಡದಲ್ಲಿ, ಮೂವತ್ತೈದು ವರ್ಷ ನಾನು ಆಕೆಯ ಕೆಳಗಿನ ಮನೆಯವನು. ಚಳಿಗಾಲವಿರಲಿ ವಸಂತವಿರಲಿ, ಆಕೆಗೆ ಒಂದೇ ಕಂದು ಕೋಟು. ಅದರ ಬಲಗಡೆಯ ಜೇಬಿಗೆ ತಾನೇ ಒಂದು ಗುಂಡಿಕಾಜ ಹೊಲಿದು, ಉಣ್ಣೆಯ ಉಂಡೆಯನ್ನು ಒಳಗಿಟ್ಟು, ಎಳೆಯನ್ನು ಆ ಕಿಂಡಿಯಿಂದ ಹೊರಗೆಳೆದುಕೊಂಡು ಬ್ರೆಡ್ಡಿನಂಗಡಿಗೆ ಹೋಗುವಾಗಲೂ ಬರುವಾಗಲೂ ಹೆಣೆಯುತ್ತಲೇ ನಡೆಯುವಳು. ಹೆಜ್ಜೆ ಚಿಕ್ಕದು, ಹದವಾದುದು. ಸಾಲು ಮುಗಿದಲ್ಲಿ, ಅದು ರಸ್ತೆಯ ನಟ್ಟನಡುವೆಯೇ ಆಗಲಿ, ಗಕ್ಕನೆ ನಿಂತು, ಹೆಣಿಗೆಯನ್ನು ಮಗುಚಿ ಹಿಡಿದು, ಮತ್ತೆ ಹೊರಡುವಳು. ಏಳನೇ ನಂಬರ್ ಬಸ್ಸಿನ ಚಾಲಕ ಬ್ರೇಕು ಹಾಕಿ, ಕಿಟಕಿಯಿಂದ ತಲೆ ಹೊರಚಾಚಿ, “ಮುಗೀತಾ ಅಮ್ಮಾ ಸಾಲು, ಹೋಗ್ಲಾ ನಾನು?” ಎಂದು ಕೇಳುವುದು ವಾಡಿಕೆಯಾಗಿತ್ತು.

ಆಕೆಗೆ ಬರುತ್ತಿದ್ದುದು ಮೂರೇ: ಚೌಕ, ಚಕ್ರ, ಪಟ್ಟಿ. ನಾಲ್ಕನೆಯದನ್ನು ಕಲಿಯಲು ಆಕೆ ಹಟ ಹಿಡಿದು ಒಪ್ಪಲಿಲ್ಲ. ಎದುರು ಮನೆಯ ತ್ಸೋನ್ಕಾ ಹೂಬಳ್ಳಿ, ನವಿಲು, ದ್ರಾಕ್ಷಿಗೊಂಚಲುಗಳನ್ನೆಲ್ಲ ನೂಲಿನಲ್ಲಿ ಮೂಡಿಸಬಲ್ಲವಳು. ಒಮ್ಮೆ ಆಕೆ ಕಲಿಸಲು ಬಂದಾಗ ಮಿಂಕಾ, “ನಿನ್ನ ನವಿಲಿನ ಮೇಲೆ ಯಾರಾದ್ರೂ ಬಿಸಿ ಪಾತ್ರೆ ಇಟ್ಟಿದಾರಾ ಇವತ್ತಿನವರೆಗೂ? ಮುಟ್ಟೋಕೇ ಹೆದರ್ತಾರೆ. ನನ್ನ ಚೌಕದ ಮೇಲೆ ಬೆಕ್ಕೂ ಮಲಗುತ್ತೆ” ಎಂದು ಕಳಿಸಿಬಿಟ್ಟಳು. ಆ ಮೂರರಲ್ಲೇ ಆಕೆ ಮನೆಗೆಲ್ಲ ಬಟ್ಟೆ ತೊಡಿಸಿದ್ದಳು. ಮುಕ್ಕಾಲಿಗೆ ಚಕ್ರ, ಕೆಟಲಿನ ಹಿಡಿಗೆ ಪಟ್ಟಿ, ಉಪ್ಪಿನಕಾಯಿ ಜಾಡಿಗಳಿಗೆ ಟೊಪ್ಪಿಗೆ, ಗಂಡ ಗಾಂಚೋನ ಬೋಳುತಲೆಗೆ ಇನ್ನೊಂದು ಟೊಪ್ಪಿಗೆ, ನನ್ನ ಊರುಗೋಲಿನ ತಲೆಗೂ ಒಂದು ಕುಲಾವಿ. ಬೇಕೆಂದು ಯಾರೂ ಕೇಳಿದವರಲ್ಲ, ಬೇಡವೆಂದು ಬಿಸಾಡಿದವರೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಆ ಕಡ್ಡಿ ಅಂಜುತ್ತಿತ್ತು. ಹುಟ್ಟದ ಕೂಸಿಗೆ ನಮ್ಮಲ್ಲಿ ಏನನ್ನೂ ಮಾಡಿಡುವುದಿಲ್ಲ, ಕೊಂಡೂ ಇಡುವುದಿಲ್ಲ. ಮಗು ಹುಟ್ಟಿದ ಸುದ್ದಿ ಬಂದಮೇಲೆ, ತಾಯಿ ಆಸ್ಪತ್ರೆಯಿಂದ ಹೊರಡುವ ಮೂರು ನಾಲ್ಕು ದಿನಗಳೊಳಗೆ ಎಲ್ಲವೂ ಆಗಬೇಕು. ಅಷ್ಟರಲ್ಲಿ ಹೊದಿಕೆ ಹೆಣೆಯುವುದು ಯಾವ ಅಜ್ಜಿಯ ಕೈಲಾಗುತ್ತದೆ? ಅದಕ್ಕೇ ನಮ್ಮ ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದಾರೆ. ಬಿಡಿ ಚೌಕಗಳನ್ನು ಹೆಣೆದು, ಕೇಳಿದವರಿಗೆ ಮಸಿಬಟ್ಟೆ ಎನ್ನುವುದು. ಜೋಡಿಸುವ ತನಕ ಅದು ಹೊದಿಕೆಯಲ್ಲವಷ್ಟೆ. ಇಸ್ಕ್ರಾ ಮೊದಲ ಸಲ ಬಸುರಾದಾಗ ಮಿಂಕಾ ತಡೆಯಲಾರದೆ, ಐದನೆಯ ತಿಂಗಳಲ್ಲೇ ಚೌಕಗಳನ್ನು ಜೋಡಿಸಿ ಪೆಟ್ಟಿಗೆಯಲ್ಲಿಟ್ಟಳು. ಆರನೆಯ ತಿಂಗಳಲ್ಲಿ ಬಸಿರು ಇಳಿದುಹೋಯಿತು. ಡಾಕ್ಟರು ಕಾರಣ ಹೇಳಿದರು, ಮಿಂಕಾ ಪೂರ್ತಿ ಕೇಳಿಸಿಕೊಂಡಳು, ಮನೆಗೆ ಬಂದು ಹೊದಿಕೆಯನ್ನು ಕಡೆಯ ಕುಣಿಕೆಯವರೆಗೂ ಬಿಚ್ಚಿದಳು. ಆ ಉಣ್ಣೆಯಿಂದ ಮತ್ತೇನನ್ನೂ ಮಾಡಲಿಲ್ಲ.

ಆದ್ದರಿಂದ ಏಳು ವರ್ಷದ ಮೇಲೆ ಇಸ್ಕ್ರಾ ಎರಡನೆಯ ಸಲ ಬಸುರಾದಾಗ ಮಿಂಕಾ ಬಾಯಿಗೆ ಬೀಗ ಹಾಕಿಕೊಂಡಳು. ಕೆನೆ ಬಣ್ಣದ ಮೆತ್ತನೆಯ ಉಣ್ಣೆಯ ಮೂವತ್ತಾರು ಚೌಕಗಳು ಅಡುಗೆ ಒಲೆಯ ಪಕ್ಕದ ಮೊಳೆಗೆ, ಮಸಿಬಟ್ಟೆಗಳು ಇರಬೇಕಾದ ಜಾಗದಲ್ಲೇ ತೂಗಿದವು. ಹೆಂಗಸರೆಲ್ಲರಿಗೂ ಅರ್ಥವಾಗಿತ್ತು. ಗಾಂಚೋಗೆ ಯಾರೂ ಹೇಳಲಿಲ್ಲ. ಹೇಳುವುದೆಂದರೆ ಹೆಸರಿಡುವುದು, ಹೆಸರಿಡುವುದೆಂದರೆ ವಿಧಿಯನ್ನು ಕರೆದು ತೋರಿಸುವುದು.

ಸೆಪ್ಟೆಂಬರಿನ ಕೊನೆಯ ಶನಿವಾರ. ಕಟ್ಟಡದ ಹಿಂದೆ ನಾವೆಲ್ಲ ಕೆಂಪು ಮೆಣಸಿನಕಾಯಿ ಸುಟ್ಟು ಲ್ಯುತೆನಿತ್ಸ ಮಾಡುವ ದಿನ. ಚಳಿಗಾಲವಿಡೀ ಬ್ರೆಡ್ಡಿಗೆ ಸವರಿಕೊಳ್ಳುವ ಗೊಜ್ಜು ಅದು. ಮೆಣಸಿನಕಾಯಿ ಸುಡುವ ಕರೆಂಟು ಒಲೆಗಳಿಗೆ ಬಾಲ್ಕನಿಗಳಿಂದ ವೈರುಗಳು ಇಳಿದಿದ್ದವು, ಕೊಪ್ಪರಿಗೆಯಲ್ಲಿ ಸೌಟು ಆಡಿಸುವ ಸರದಿ ನನ್ನದು. ಮಿಂಕಾ ಜಾಡಿ ತರಲು ನೆಲಮಾಳಿಗೆಗೆ ಹೋಗಿದ್ದಳು. ಬಂದು ನೋಡುತ್ತಾಳೆ, ಗಾಂಚೋ ಕೆನೆಬಣ್ಣದ ಚೌಕವೊಂದರಲ್ಲಿ ಹೊಗೆಯಾಡುವ ಮೆಣಸಿನಕಾಯಿಯನ್ನು ಹಿಡಿದು ನಿಂತಿದ್ದಾನೆ. ಆರು ಮನೆಯ ಗಂಡಸರ ಕೈಯಲ್ಲೂ ಅವನು ಹಂಚಿದ ಒಂದೊಂದು, ಎರಡೆರಡು ಚೌಕ. ತಡೆಯಬೇಕೆಂದರೆ ನಿಜ ಹೇಳಬೇಕು, ಹಾಗಾಗಿ ಹೆಂಗಸರು ಬಾಯಿ ಬಿಡುವಂತಿರಲಿಲ್ಲ. ಹಿಂದಿನ ಬೆಂಚಿನ ಮೇಲೆ, ಕರಿ ಸಿಪ್ಪೆ ಕೆಂಪು ರಸ ಮೆತ್ತಿಕೊಂಡ ಇನ್ನೊಂದು ರಾಶಿ.

“ಮಿಂಕಾ, ಈ ಮಸಿಬಟ್ಟೆ ಬಲು ಸೊಗಸಾಗಿವೆ ಮಾರಾಯ್ತಿ. ಕೈ ಒಂಚೂರೂ ಸುಡಲ್ಲ. ನಲವತ್ತು ವರ್ಷದಿಂದ ಇಂಥದ್ದು ಯಾಕೆ ಹಾಕಿಲ್ಲ ನೀನು?”

“ನಿನ್ನ ತಲೆಗೆ ಸುತ್ತಬೇಕು ಅವನ್ನ” ಎಂದಳು ತ್ಸೋನ್ಕಾ.

“ನಾನೇನು ಮಾಡಿದೆ? ಅಲ್ಲವೇನೇ ಮಿಂಕಾ, ಮಸಿಬಟ್ಟೆ ತಾನೇ ಇವು?”

ಎಲ್ಲರೂ ಮಿಂಕಾಳ ಮುಖ ನೋಡಿದರು. ಆಕೆ ಜಾಡಿಗಳನ್ನು ಕೆಳಗಿಟ್ಟು, ನಮ್ಮ ಕಡೆ ಹೌದೆನ್ನಲು ಆಡಿಸುವಂತೆ ತಲೆಯನ್ನು ಅಡ್ಡಡ್ಡ ಆಡಿಸಿದಳು. “ಮಸಿಬಟ್ಟೆನೇ” ಎಂದಳು. ಆಮೇಲೆ ಬೆಂಚಿನ ತುದಿಯಲ್ಲಿ ಕೂತು, ಸಂಜೆಯವರೆಗೆ ಒಂದೂ ಅಂಕಿಯಿಲ್ಲದೆ ಮೆಣಸಿನಕಾಯಿಯ ಸಿಪ್ಪೆ ಸುಲಿದಳು.

ಮಾರನೆಯ ದಿನ ಬೆಳಿಗ್ಗೆ ಫೋನು ಬಂತು. ಹತ್ತು ದಿನ ಮೊದಲೇ ಹೆರಿಗೆಯಾಗಿ ಹೆಣ್ಣು ಮಗು, ಇಬ್ಬರೂ ಕ್ಷೇಮ, ಬುಧವಾರ ಮನೆಗೆ. ಶುಭ ಹೇಳಲು ನಾನು ಮೇಲೆ ಹೋದರೆ ಮಿಂಕಾ ಬಚ್ಚಲಲ್ಲಿ ಬೋಗುಣಿಯ ಮುಂದೆ ಕುಳಿತಿದ್ದಳು. ನೀರೆಲ್ಲ ಕೆಂಪು. ಈಗಷ್ಟೇ ನಿಜ ತಿಳಿದ ಗಾಂಚೋ ಬಾಗಿಲಲ್ಲಿ ನಿಂತಿದ್ದ.

“ಒಂದು ಸನ್ನೆನಾದ್ರೂ ಮಾಡಬಾರದಾಗಿತ್ತೇನೇ?”

“ಸನ್ನೆನೂ ಮಾತೇ.”

“ನಾನೇನು ಹೊರಗಿನವನಾ?”

“ನಿನಗೆ ಹೇಳಿದ್ರೆ ಮಧ್ಯಾಹ್ನದೊಳಗೆ ದೋಣಿಕಟ್ಟೆಗೆಲ್ಲ ಗೊತ್ತಾಗ್ತಿತ್ತು.”

ಗಾಂಚೋ ಬೂಟು ಹಾಕಿಕೊಳ್ಳತೊಡಗಿದ. ಎಲ್ಲಾದರೂ ಅಂಗಡಿ ತೆರೆಸಿ ಒಳ್ಳೆಯ ಹೊದಿಕೆಯೊಂದನ್ನು ತರುತ್ತೇನೆಂದ. ಆಕೆ ಒದ್ದೆ ಚೌಕವೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಬಿಡು, ಬೂಟು ಬಿಚ್ಚು” ಎಂದಳು. “ಹೋದ ಸಲ ಮಸಿಬಟ್ಟೆ ಅಂತ ಊರಿಗೆಲ್ಲ ಸುಳ್ಳು ಹೇಳಿ ಕದ್ದು ಹೊದಿಕೆ ಮಾಡಿಟ್ಟೆ. ಏಳು ವರ್ಷ ಅದು ನನ್ನ ಗಂಟಲಲ್ಲೇ ಇತ್ತು. ಈ ಸಲ ಮಸಿಬಟ್ಟೆ ಅಂದೆ, ಮಸಿಬಟ್ಟೆನೇ ಆದ್ವು. ಆರು ಮನೆಯವರು ನೋಡಿದಾರೆ. ನನ್ನ ಮಾತು ನಿಜ ಮಾಡಿದ್ದು ಈ ದಡ್ಡ.”

ಹೊಗಳಿದಳೋ ಬೈದಳೋ ತಿಳಿಯದೆ ಗಾಂಚೋ ಒಂದು ಕಾಲಿನ ಬೂಟಿನಲ್ಲೇ ನಿಂತಿದ್ದ. ಆಕೆ ನಗುತ್ತಿದ್ದಳು. ಕಣ್ಣೊರೆಸಿಕೊಳ್ಳಲು ಹೋಗಿ ಮೆಣಸಿನಕಾಯಿಯ ಖಾರ ತಗುಲಿ, ಆಮೇಲೆ ನಿಜವಾಗಿಯೂ ಅತ್ತಳು.

ಬಿಸಿ ತಾಗಿದ ಉಣ್ಣೆ ಕುಗ್ಗಿ, ಒಂದು ಚೌಕದಂತೆ ಇನ್ನೊಂದಿರಲಿಲ್ಲ. ಸಣ್ಣದಾದವಕ್ಕೆ ಸುತ್ತ ಇನ್ನೊಂದು ಸಾಲು ಬಿಳಿಯ ಅಂಚು, ತೀರ ಸಣ್ಣದಕ್ಕೆ ಎರಡು ಸಾಲು, ಅಷ್ಟೇ ಉಪಾಯ. ಮೂರು ದಿನ ಗಾಂಚೋ ಉಂಡೆ ಸುತ್ತಿಕೊಟ್ಟ, ನಾನು ಚೌಕಗಳನ್ನು ಅಳೆದು ಜೋಡಿಸಿಟ್ಟೆ, ತ್ಸೋನ್ಕಾ ನವಿಲುಗಳನ್ನೆಲ್ಲ ಮರೆತು ನೇರವಾದ ಅಂಚು ಹಾಕುತ್ತ ಕೂತಳು. ಅವಳ ಅಂಚು ಬಿಗಿಯಾಯಿತೆಂದು ಮಿಂಕಾ ಎರಡು ಸಲ ಬಿಚ್ಚಿಸಿದಳು.

ಬುಧವಾರ ಆಸ್ಪತ್ರೆಯ ಬಾಗಿಲಲ್ಲಿ ದಾದಿ ಮಗುವನ್ನು ಆ ಹೊದಿಕೆಯಲ್ಲಿ ಸುತ್ತಿ ತಂದು ಕೊಟ್ಟಳು. ಕೆನೆಬಣ್ಣದಲ್ಲಿ ಅಲ್ಲಲ್ಲಿ ತೆಳುವಾದ ಕಿತ್ತಳೆಯ ಛಾಯೆ ಉಳಿದಿತ್ತು. ಇಸ್ಕ್ರಾ ತಲೆ ತಗ್ಗಿಸಿ ಮೂಸಿದಳು.

“ಅಮ್ಮಾ, ಇದೇನು ವಾಸನೆ?”

“ಸುಟ್ಟ ಮೆಣಸಿನಕಾಯಿ. ಮೂರು ಸಲ ಒಗೆದೆ, ಹೋಗಲಿಲ್ಲ. ನಿಮ್ಮಪ್ಪನ ಕೈವಾಡ.”

“ನನಗೆ ಹಸಿವಾಗ್ತಿದೆ” ಎಂದಳು ಇಸ್ಕ್ರಾ.

ವಿಧಿಯನ್ನು ನಂಬದವರನ್ನು ನಾನು ಬಹಳ ಕಂಡಿದ್ದೇನೆ, ನಂಬಿ ನಡುಗುವವರನ್ನೂ ಕಂಡಿದ್ದೇನೆ. ಮಿಂಕಾಳಂಥವರು ಈ ಎರಡೂ ಪಂಗಡಕ್ಕೆ ಸೇರಿದವರಲ್ಲ. ಅವರಿಗೂ ಭಯವಿದೆ, ಎಲ್ಲರಿಗಿಂತ ಹೆಚ್ಚೇ ಇದೆ. ಆದರೆ ಭಯ ಮನೆಗೆ ಬಂದರೆ ಅದನ್ನು ಹೊರಗಟ್ಟಲೂ ಹೋಗುವುದಿಲ್ಲ, ಅದರ ಮುಂದೆ ಕೈಮುಗಿದೂ ಕೂರುವುದಿಲ್ಲ. ಮೂಲೆಯಲ್ಲಿ ಒಂದು ಮಣೆ ಹಾಕಿ ಕೂರಿಸಿ, ತಾವು ಕೈಲಾದ ಸುಲಭದ ಕೆಲಸವೊಂದನ್ನು ಹಿಡಿಯುತ್ತಾರೆ. ಅದು ಎದ್ದು ಹೋಗುವ ಹೊತ್ತಿಗೆ ಯಾರೋ ಒಬ್ಬರು ಬೆಚ್ಚಗಿರುತ್ತಾರೆ.