ಮೂಲೆ ಪ್ಲಾಟಿನ ತಕರಾರು

ಮೂರು ಸಲ ಕೂಗಬೇಕು. ನಮ್ಮ ಮುನ್ಸಿಪಾಲ್ಟಿಯ ರೂಢಿ ಅದು. ಯಾರಾದರೂ ಹೊಲ ಒಡೆದು ಮನೆಗಳಿಗೆ ಪ್ಲಾಟು ಹಾಕಬೇಕೆಂದರೆ ನಕಾಶೆ ಕೊಡಬೇಕು. ನಾವು ಅದನ್ನು ಮೂವತ್ತು ದಿನ ಕಚೇರಿಯ ಗೋಡೆಗೆ ಅಂಟಿಸಬೇಕು. ತಕರಾರು ಬಂದರೆ, ವಿಚಾರಣೆಯ ದಿನ ತಕರಾರು ಕೊಟ್ಟವರ ಹೆಸರನ್ನು ಬಾಗಿಲಲ್ಲಿ ನಿಂತು ಮೂರು ಸಲ ಕೂಗಬೇಕು. ಓಗೊಡದಿದ್ದರೆ ತಕರಾರು ವಜಾ, ನಕಾಶೆ ಮಂಜೂರು. ಹದಿನಾರು ವರ್ಷ ಕಾರಕೂನಿಕೆ ಮಾಡಿದ ನಾನು ಈ ಕ್ರಮವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಅದನ್ನು ತಿರುಚುವುದು ಹೇಗೆಂದೂ ಬಲ್ಲೆ.

೧೯೩೮ರಲ್ಲಿ ಕರಿಬಸಪ್ಪ ಸಾಹುಕಾರರು ಅಕ್ಕಿಆಲೂರ ದಾರಿಯ ಹೊಲಕ್ಕೆ ಹದಿನಾಲ್ಕು ಪ್ಲಾಟಿನ ನಕಾಶೆ ತಂದರು. ಏಳನೆಯದು ಮೂಲೆ ಪ್ಲಾಟು, ಎರಡು ಕಡೆ ರಸ್ತೆ.

“ಅದನ್ನ ನಿಮಗಂತ ಇಟ್ಟೇನ್ರಿ ಹೂವಪ್ಪನವರ,” ಎಂದರು. “ಮಂಜೂರಿಗೆ ಏನೂ ಅಡ್ಡ ಬರದಂಗ ನೋಡ್ಕೊಳ್ರಿ.”

ಹತ್ತು ವರ್ಷ ಬಾಡಿಗೆ ಮನೆಗಳಲ್ಲಿ ಮಾಲೀಕರ ಮುಖ ನೋಡಿ ಬಾಳಿದವನು ನಾನು. ಆಸೆ ಹುಟ್ಟಿತು. ಸುಳ್ಳೇಕೆ ಹೇಳಲಿ?

ಇಪ್ಪತ್ತೆಂಟನೆಯ ದಿನ ಗುತ್ತೆವ್ವ ಬಂದಳು. ಸಾಹುಕಾರರ ಹೊಲದಲ್ಲೇ ಕೂಲಿ ಮಾಡಿ ಮುದುಕಿಯಾದವಳು, ಹಿಂದೆ ಮುಂದೆ ಯಾರೂ ಇಲ್ಲ. ಗೋಡೆಯ ನಕಾಶೆಯ ಮುಂದೆ ಬಹಳ ಹೊತ್ತು ನಿಂತಳು.

“ಇದರಾಗ ಮೂಲಿ ಬೇವಿನ ಗಿಡ ಎಲ್ಲೈತ್ರಿ?”

ತೋರಿಸಿದೆ. ಏಳನೆಯ ಪ್ಲಾಟಿನ ಮೇಲೆ ಅಂಗೈ ಊರಿದಳು.

“ಇಲ್ಲಿ ನನ್ನ ಕೂಸೈತ್ರಿ.”

ಇಪ್ಪತ್ತು ವರ್ಷದ ಹಿಂದಿನ ಜ್ವರದ ವರ್ಷ, ಊರಲ್ಲಿ ಹೆಣ ಹೊರುವವರೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೇ ಆ ಗಿಡದ ಬುಡದಲ್ಲಿ ಕೂಸನ್ನು ಮಣ್ಣು ಮಾಡಿದ್ದರಂತೆ.

“ಮನಿ ಕಟ್ಟಬ್ಯಾಡ್ರಿ ಅನ್ನಂಗಿಲ್ಲ ನಾ. ಗಿಡದ ಬುಡಕ ಅಷ್ಟ ಜಾಗ ಬಿಡ್ರಿ. ಮ್ಯಾಲ ಯಾರರ ಒಲಿ ಹೂಡಿದ್ರ ಹೆಂಗ್ರಿ? ಜ್ವರದಾಗ ಹೋದ ಕೂಸು. ಬಿಸಿ ತಡಿಯೂದಿಲ್ಲ.”

ಕನಿಕರವಾಗದೆ ಇರಲಿಲ್ಲ. ತಕರಾರು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ. ನಮ್ಮ ಅಧ್ಯಕ್ಷರು ಮೆತ್ತಗಿನ ಮನುಷ್ಯರು. ಇವಳು ಎದುರಿಗೆ ನಿಂತು ಇದೇ ಮಾತು ಹೇಳಿದರೆ ಆ ಮೂಲೆಯನ್ನು ಬಯಲು ಬಿಡಿಸಿಯೇ ಬಿಡಿಸುತ್ತಿದ್ದರು. ವಿಚಾರಣೆ ಬುಧವಾರವಿತ್ತು.

“ಶುಕ್ರವಾರ ಹನ್ನೊಂದಕ್ಕ ಬಾ ಬೇ,” ಎಂದೆ. “ಹೆಸರ ಕರೀತಾರ. ‘ಬಂದೇನ್ರಿ’ ಅನ್ನು, ಸಾಕು.”

“ನನ್ನ ಹೆಸರ ಹಿಡದ ಕರೀತಾರೇನ್ರಿ?” ಮುದುಕಿಗೆ ನಾಚಿಕೆಯಾಯಿತು. “ಬಂದೇನ್ರಿ, ಬಂದೇನ್ರಿ” ಎಂದು ಹೇಳಿಕೊಳ್ಳುತ್ತ ಮೆಟ್ಟಿಲು ಇಳಿದಳು.

ಬುಧವಾರ ಸಿಪಾಯಿ ಹಯಾತ ಬಾಗಿಲಲ್ಲಿ ನಿಂತು “ಗುತ್ತೆವ್ವ ಹಾಜರ್ ಹೈ?” ಎಂದು ಮೂರು ಸಲ ಕೂಗಿದ. ಹೊರಗೆ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಮಂಜೂರಿಯ ಠರಾವನ್ನು ನಾನೇ ಬರೆದೆ. ನನ್ನ ಅಕ್ಷರ ಬಲು ದುಂಡಗೆ.

ಶುಕ್ರವಾರ ಅವಳು ಒಗೆದ ಸೀರೆಯುಟ್ಟು ಬಂದು ಕಚೇರಿಯ ಮೆಟ್ಟಿಲ ಮೇಲೆ ಸಂಜೆಯ ತನಕ ಕುಳಿತಳು. ನಾನು ಹಿತ್ತಲ ಬಾಗಿಲಿನಿಂದ ಮನೆಗೆ ಹೋದೆ. ಮುಂದಿನ ಶುಕ್ರವಾರವೂ ಬಂದಳು, ಅದರ ಮುಂದಿನದೂ. ಮುಗಿದುಹೋಯಿತು ಎಂದು ಹೇಳಲು ಈ ಹೇಡಿಗೆ ನಾಲಿಗೆ ಹೊರಳಲಿಲ್ಲ. ಆಷಾಢದಲ್ಲಿ ಅವಳು ಸತ್ತಳೆಂದು ಕೇಳಿದಾಗ ಮನಸ್ಸು ಹಗುರಾಯಿತು. ಆ ಹಗುರವನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಕೆ.

ಮರುವರ್ಷ ಏಳನೆಯ ಪ್ಲಾಟಿನಲ್ಲಿ ನಮ್ಮ ಮನೆ ಎದ್ದಿತು. ಎಲ್ಲರಂತೆ ನಾವೂ ಆಗ್ನೇಯ ಮೂಲೆಗೆ ಒಲೆ ಹೂಡಿದೆವು. ಬೇವಿನ ಗಿಡ ಕಡಿದದ್ದೂ ಅಲ್ಲಿಯೇ. ಹೆಂಡತಿ ಶಾರವ್ವನಿಗೆ ನಾನು ಏನೂ ಹೇಳಲಿಲ್ಲ.

“ಒಲಿ ಮುಂದಿನ ನೆಲ ಬೆವರತೈತ್ರಿ,” ಎಂದಳು ಒಂದು ದಿನ. “ಎಷ್ಟ ಒರಿಸಿದ್ರೂ ಹಸಿ.” ಹೊಸ ಮನೆ, ಆರಬೇಕು ಎಂದೆ. ಇನ್ನೊಂದು ದಿನ, “ಶುಕ್ರವಾರಕ್ಕೊಮ್ಮೆ ಒಬ್ಬಾಕಿ ಮುದುಕಿ ಬಂದು ಕಟ್ಟಿ ಮ್ಯಾಲ ಕುಂದರತಾಳ್ರಿ. ನೀರ ಕೊಡ್ಲೇನಂದ್ರ ಒಲ್ಲೆಂತಾಳ. ಹೆಸರ ಕರೀತಾರ, ಅದಕ ಬಂದೇನಿ ಅಂತಾಳ.”

ಮುಂದಿನ ಶುಕ್ರವಾರ ರಜೆ ಹಾಕಿ ಮನೆಯಲ್ಲೇ ಉಳಿದೆ. ಹನ್ನೊಂದಕ್ಕೆ ಶಾರವ್ವ ಬಾಗಿಲ ಕಡೆ ಕೈ ಮಾಡಿದಳು. “ಅಗೋ, ಬಂದ್ಲ ನೋಡ್ರಿ.”

ನನಗೆ ಕಂಡದ್ದು ಬರಿಯ ಕಟ್ಟೆ. ಹೊಸ್ತಿಲ ಮೇಲೆ ನಿಂತು, ಹಯಾತನ ಹಾಗೆ ಕೂಗಿದೆ.

“ಗುತ್ತೆವ್ವ.”

ರಸ್ತೆಯಲ್ಲಿ ಚಕ್ಕಡಿಯೊಂದು ಹಾದುಹೋಯಿತು.

“ಗುತ್ತೆವ್ವ.”

ಮೂರನೆಯ ಸಲ ಕೂಗಿದಾಗ ನನ್ನ ಬೆನ್ನ ಹಿಂದಿನಿಂದ, ಅಡುಗೆಮನೆಯ ಒಳಗಿನಿಂದ, ಬಾಯಿಪಾಠ ಮಾಡಿದ ದನಿ ಬಂತು.

“ಬಂದೇನ್ರಿ.”

ಶಾರವ್ವನಿಗೂ ಅದು ಕೇಳಿತು. ಕಾರಕೂನನ ಹೆಂಡತಿ, ಮೂರು ಸಲ ಕೂಗುವುದು ಯಾರ ಹೆಸರನ್ನೆಂದು ಬಲ್ಲವಳು. ಒಲೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು.

“ಆಕಿದು ಏನ ತಕರಾರಿತ್ರಿ?”

ವಿಚಾರಣೆಯಲ್ಲಿ ಅಧ್ಯಕ್ಷರು ಕೇಳಬೇಕಾಗಿದ್ದ ಮಾತು. ಎರಡು ವರ್ಷದ ಮೇಲೆ, ನನ್ನದೇ ಮನೆಯಲ್ಲಿ, ನನ್ನ ಹೆಂಡತಿ ಕೇಳಿದಳು. ಮುಚ್ಚಿಡದೆ ಹೇಳಿದೆ: ಬುಧವಾರ, ಶುಕ್ರವಾರ, ಬೇವಿನ ಗಿಡ, ಜ್ವರದ ಕೂಸು. ಹೇಳುವಾಗ ಅತ್ತೆ.

ಶಾರವ್ವ ಅಕ್ಕಿ ಕುದಿಯುತ್ತಿದ್ದ ಗಡಿಗೆಯನ್ನು ಕೆಳಗಿಳಿಸಿದಳು. ಹಂಡೆಯಿಂದ ಒಂದು ತಂಬಿಗೆ ತಣ್ಣೀರು ಮೊಗೆದು, ಉರಿಯುವ ಒಲೆಗೆ ಮೆಲ್ಲಗೆ ಸುರಿದಳು.